ಡೆಟ್ರಾಯಿಟ್‌ನಲ್ಲಿ ಕೆಲಸ ಸಿಕ್ಕಿದೆ, ಹೋಗೋದಾ ಬೇಡ್ವಾ?

ಬೆಂಗಳೂರಿನಲ್ಲಿ ಕಾರು ಕಂಪನಿಗಳ ಎಂಜಿನಿಯರಿಂಗ್ ಕೆಲಸ ಮಾಡುವವರಿಗೆ ಅಮೆರಿಕದ ಡೆಟ್ರಾಯಿಟ್ ಹೊಸ ಹೆಸರಲ್ಲ. ಕ್ಲೈಂಟ್ ಅಲ್ಲೇ ಇರುತ್ತಾರೆ, ರಾತ್ರಿ ಊಟದ ಹೊತ್ತಿಗೆ ಕಾಲ್ ಬರುವುದೂ ಅಲ್ಲಿಂದಲೇ. ಆದರೆ "ಇಲ್ಲಿಗೇ ಬನ್ನಿ" ಅಂತ ಆಫರ್ ಬಂದ ದಿನ ವಿಷಯ ಬದಲಾಗುತ್ತದೆ. ಮನೆಯಲ್ಲಿ ಯಾರೋ ಯೂಟ್ಯೂಬ್ ತೆಗೆದು ನೋಡುತ್ತಾರೆ. ಕಿಟಕಿ ಒಡೆದ ಮನೆಗಳು, ಒಳಗೆ ಗಿಡ ಬೆಳೆದ ಫ್ಯಾಕ್ಟರಿ, ದಿವಾಳಿ ಎದ್ದ ನಗರ. "ಇಂಥ ಊರಿಗೆ ಹೋಗ್ತೀಯಾ?" ಅಂತ ಅಮ್ಮ ಕೇಳುತ್ತಾರೆ. ಅಲ್ಲಿರುವ ಗೆಳೆಯ ಮಾತ್ರ, "ಬಾ ಮಾರಾಯ, ದೊಡ್ಡ ಮನೆ, ಒಳ್ಳೆ ಸ್ಕೂಲು, ದೇವಸ್ಥಾನ ಹತ್ತಿರ" ಅನ್ನುತ್ತಾನೆ.

ಇಬ್ಬರ ಮಾತೂ ನಿಜ. ಇಬ್ಬರೂ ಬೇರೆ ಬೇರೆ ಜಾಗದ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೇ. ಈ ಭಾಗದಲ್ಲೇ ಇರುವವನಾಗಿ, ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳನ್ನೆಲ್ಲ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಮೊದಲು ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಇದು: ಈ ಕೆಲಸ ಹೋದರೆ, ಅದೇ ಮನೆಯಲ್ಲಿದ್ದುಕೊಂಡು ದಿನಾ ಕಾರಿನಲ್ಲಿ ಹೋಗಿಬರುವ ದೂರದಲ್ಲಿ ಇನ್ನೊಂದು ಕೆಲಸ ಸಿಗುತ್ತದಾ? ಸೋತ ಊರಿನಲ್ಲಿ ಮೊದಲ ಕೆಲಸ ಸಿಗುವುದು ಅಷ್ಟು ಕಷ್ಟವಲ್ಲ. ಎರಡನೆಯದು ಕಷ್ಟ.

ಒಂದೇ ಹೆಸರು, ಎರಡು ಊರು

1950ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಸುಮಾರು 18.5 ಲಕ್ಷ ಜನರಿದ್ದರು. 2020ರ ಗಣತಿಯಲ್ಲಿ ಉಳಿದವರು 6.39 ಲಕ್ಷ. ಊರು ಮಾತ್ರ ಅಷ್ಟೇ ಇದೆ, ಸುಮಾರು 360 ಚದರ ಕಿಲೋಮೀಟರ್. ಹದಿನೆಂಟು ಲಕ್ಷ ಜನರಿಗೆ ಅಂತ ಹಾಕಿದ ರಸ್ತೆ, ನೀರಿನ ಪೈಪು, ಚರಂಡಿ, ಬೀದಿದೀಪ ಎಲ್ಲವನ್ನೂ ಈಗ ಮೂರನೇ ಒಂದರಷ್ಟು ಜನ ತೆರಿಗೆ ಕಟ್ಟಿ ನೋಡಿಕೊಳ್ಳಬೇಕು. ಊರಿನ ಕಷ್ಟದ ಬೇರು ಇರುವುದು ಇಲ್ಲೇ.

2013ರ ಜುಲೈನಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಸುಮಾರು 1,800 ಕೋಟಿ ಡಾಲರ್ ಸಾಲ. ಅಮೆರಿಕದ ಯಾವ ನಗರವೂ ಅಷ್ಟು ದೊಡ್ಡ ಮೊತ್ತಕ್ಕೆ ದಿವಾಳಿ ಎದ್ದಿರಲಿಲ್ಲ. ಆಗ ಬೀದಿದೀಪಗಳಲ್ಲಿ ನೂರಕ್ಕೆ ನಲವತ್ತು ಉರಿಯುತ್ತಿರಲಿಲ್ಲ. 2014ರ ಡಿಸೆಂಬರ್‌ನಲ್ಲಿ ದಿವಾಳಿಯಿಂದ ಹೊರಬಂದರು. ಅದರ ಬೆಲೆ ತೆತ್ತವರಲ್ಲಿ ನಗರಸಭೆಯ ನಿವೃತ್ತ ನೌಕರರೂ ಇದ್ದರು. ಅನೇಕರ ಪಿಂಚಣಿ 4.5% ಕಡಿತವಾಯಿತು, ಪ್ರತಿ ವರ್ಷದ ಏರಿಕೆಯೂ ನಿಂತಿತು. 2016ರ ಕೊನೆಯ ಹೊತ್ತಿಗೆ 65 ಸಾವಿರ ಹೊಸ ಎಲ್‌ಇಡಿ ದೀಪ ಹಾಕಿ ಮುಗಿಸಿದರು. 1988ರಿಂದ ಪಾಳುಬಿದ್ದಿದ್ದ ಮಿಶಿಗನ್ ಸೆಂಟ್ರಲ್ ರೈಲು ನಿಲ್ದಾಣವನ್ನು ಫೋರ್ಡ್ 2018ರಲ್ಲಿ ಕೊಂಡು, ದುರಸ್ತಿ ಮಾಡಿ, 2024ರ ಜೂನ್‌ನಲ್ಲಿ ಮತ್ತೆ ತೆರೆಯಿತು. ಯೂಟ್ಯೂಬ್‌ನಲ್ಲಿ ಓಡಾಡುವ ಪಾಳು ಕಟ್ಟಡದ ಚಿತ್ರಗಳಲ್ಲಿ ಎಷ್ಟೋ ಇದೇ ಕಟ್ಟಡದ ಹಳೆ ಚಿತ್ರಗಳು. ಹಾಗಾಗಿ ವಿಡಿಯೊ ಯಾವ ವರ್ಷದ್ದು ಅಂತ ಮೊದಲು ನೋಡಿ.

ಇನ್ನೊಂದು ಊರು ಇದರ ಸುತ್ತ ಇದೆ. ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್‌ಟನ್ ಹಿಲ್ಸ್, ರಾಚೆಸ್ಟರ್ ಹಿಲ್ಸ್. ನಗರವನ್ನೂ ಸೇರಿಸಿ ಇಡೀ ಮೆಟ್ರೊ ಪ್ರದೇಶದಲ್ಲಿ 43 ಲಕ್ಷದ ಮೇಲೆ ಜನರಿದ್ದಾರೆ. ಅಂದರೆ ಸೊರಗಿದ್ದು ನಡುವಿನ ನಗರ, ಸುತ್ತಲಿನ ಸಬರ್ಬ್‌ಗಳಲ್ಲ. "ಡೆಟ್ರಾಯಿಟ್‌ನಲ್ಲಿದ್ದೀನಿ" ಅನ್ನುವ ಕನ್ನಡಿಗರಲ್ಲಿ ಬಹುತೇಕರು ಇರುವುದು ಈ ಸಬರ್ಬ್‌ಗಳಲ್ಲಿ. ಭಾರತೀಯ ಟೆಂಪಲ್ ಟ್ರಾಯ್‌ನಲ್ಲಿದೆ, ವೆಂಕಟೇಶ್ವರ ದೇವಸ್ಥಾನ ನೋವೈನಲ್ಲಿದೆ. ಪಂಪ ಕನ್ನಡ ಕೂಟದ ಜನರೂ ಈ ಕಡೆಯವರೇ ಜಾಸ್ತಿ. 2002ರ "ಅಕ್ಕ" (ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ) ವಿಶ್ವ ಕನ್ನಡ ಸಮ್ಮೇಳನ ಡೆಟ್ರಾಯಿಟ್‌ನಲ್ಲಿ ನಡೆಯಿತು ಅಂದರೆ ಇಲ್ಲಿ ನಮ್ಮವರು ಆಗಲೇ ಎಷ್ಟಿದ್ದರು ನೋಡಿ.

ಎರಡು ಊರುಗಳ ಗಡಿ ಕಣ್ಣಿಗೇ ಕಾಣುತ್ತದೆ. ಉತ್ತರದಲ್ಲಿ ಎಂಟನೇ ಮೈಲಿ ರಸ್ತೆ. ಪೂರ್ವದಲ್ಲಿ ಆಲ್ಟರ್ ರಸ್ತೆ. ಆಲ್ಟರ್ ರಸ್ತೆಯ ಈಚೆ ಒಂದು ಮನೆ, ಪಕ್ಕದಲ್ಲಿ ಎರಡು ಖಾಲಿ ಸೈಟು, ಮತ್ತೆ ಹಲಗೆ ಹೊಡೆದ ಒಂದು ಮನೆ. ಖಾಲಿ ಸೈಟಿನ ಹುಲ್ಲನ್ನು ಪಕ್ಕದ ಮನೆಯವರೇ ಕತ್ತರಿಸಿರುತ್ತಾರೆ, ಯಾರೂ ಹೇಳದಿದ್ದರೂ. ಕೆಲವೇ ಹೆಜ್ಜೆ ಆಚೆ ಗ್ರೋಸ್ ಪಾಯಿಂಟ್ ಪಾರ್ಕ್ ಅನ್ನುವ ಸಬರ್ಬ್. ಅಲ್ಲಿ ಸಾಲು ಮರ, ಇಟ್ಟಿಗೆಯ ದೊಡ್ಡ ಮನೆಗಳು, ಬೇರೆ ಪೊಲೀಸ್, ಬೇರೆ ಸ್ಕೂಲು. ಇದು ತಾನಾಗಿ ಆದದ್ದಲ್ಲ. ಫ್ಯಾಕ್ಟರಿಗಳು ಹೊರಗೆ ಹೋದವು, ಹೆದ್ದಾರಿಗಳು ಬಂದವು, ಬಿಳಿಯರು ಸಬರ್ಬ್‌ಗೆ ಹೋದರು. ಕಪ್ಪು ಜನರಿಗೆ ಮಾತ್ರ ಅಲ್ಲಿ ಬಹಳ ಕಾಲ ಮನೆ ಕೊಳ್ಳಲು ಬಿಡಲಿಲ್ಲ. 1967ರ ಗಲಭೆಯಲ್ಲಿ 43 ಜನ ಸತ್ತ ಮೇಲೆ ಹೊರಗೆ ಹೋಗುವವರು ಇನ್ನೂ ಜಾಸ್ತಿಯಾದರು. ನಗರದಲ್ಲಿ ಉಳಿದವರ ಬಗ್ಗೆ "ಹಾಳೂರು, ಅಂಥವರೇ ಜನ" ಅಂತ ನಮ್ಮವರೇ ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಅದು ತುಂಬ ಬೇಸರದ ಮಾತು. ಎಲ್ಲರೂ ಬಿಟ್ಟುಹೋದಾಗ ಊರನ್ನು ಹಿಡಿದುಕೊಂಡು ಕೂತವರು ಅವರೇ.

ಎರಡನೇ ಕೆಲಸದ ಲೆಕ್ಕ

ಈಗ ಮುಖ್ಯ ವಿಷಯ. ಇಲ್ಲಿ ಕೆಲಸಗಳು ತುಂಬ ಇವೆ, ಆದರೆ ಹೆಚ್ಚಿನವು ಒಂದೇ ಮರದ ಕೊಂಬೆಗಳು. ಫೋರ್ಡ್ ಡಿಯರ್‌ಬಾರ್ನ್‌ನಲ್ಲಿ, ಜಿಎಂ (ಜನರಲ್ ಮೋಟರ್ಸ್) ಟೆಕ್ನಿಕಲ್ ಸೆಂಟರ್ ವಾರೆನ್‌ನಲ್ಲಿ, ಕ್ರೈಸ್ಲರ್‌ನ ಈಗಿನ ಮಾಲೀಕ ಸ್ಟೆಲಾಂಟಿಸ್ ಆಬರ್ನ್ ಹಿಲ್ಸ್‌ನಲ್ಲಿ. ಉಳಿದ ನೂರಾರು ಕಂಪನಿಗಳು ಇವರಿಗೆ ಬಿಡಿಭಾಗ, ಸಾಫ್ಟ್‌ವೇರ್, ಟೆಸ್ಟಿಂಗ್ ಒದಗಿಸುವಂಥವು. ಕಾರಿನ ಮಾರುಕಟ್ಟೆ ಬಿದ್ದರೆ ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿಯುತ್ತಾರೆ. 2009ರಲ್ಲಿ ಕ್ರೈಸ್ಲರ್ ಮತ್ತು ಜಿಎಂ ಕೆಲವೇ ವಾರಗಳ ಅಂತರದಲ್ಲಿ ದಿವಾಳಿ ಅರ್ಜಿ ಹಾಕಿದವು. ತೀರಾ ಹಿಂದಿನ ಮಾತು ಅನ್ನಬೇಡಿ. 2022ರ ಆಗಸ್ಟ್‌ನಲ್ಲಿ ಫೋರ್ಡ್ ಸುಮಾರು 3,000 ಜನರನ್ನು ತೆಗೆಯಿತು, ಅದರಲ್ಲಿ ಭಾರತದವರೂ ಇದ್ದರು. 2024ರ ಮಾರ್ಚ್‌ನಲ್ಲಿ ಸ್ಟೆಲಾಂಟಿಸ್ ಸುಮಾರು 400 ಎಂಜಿನಿಯರಿಂಗ್ ಮತ್ತು ಟೆಕ್ನಾಲಜಿ ವಿಭಾಗದವರನ್ನು ಕಳಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಜಿಎಂ ಸಾಫ್ಟ್‌ವೇರ್ ವಿಭಾಗದಿಂದ ಸಾವಿರಕ್ಕೂ ಹೆಚ್ಚು ಜನರನ್ನು ತೆಗೆಯಿತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾರೆನ್‌ನವರು.

ಅಮೆರಿಕದವರಿಗೆ ಇದು ಕಷ್ಟದ ಕೆಲವು ತಿಂಗಳು. ವೀಸಾದ ಮೇಲೆ ಬಂದವರಿಗೆ ಗಡಿಯಾರದ ಜೊತೆ ಓಟ. ಎಚ್-1ಬಿ ಇದ್ದವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ವೀಸಾದ ಬಗೆ ಬದಲಿಸಬೇಕು, ಇಲ್ಲವೇ ಹೊರಡಬೇಕು. ಬೆಂಗಳೂರಿನಿಂದ ಅದೇ ಕಂಪನಿಯ ಮೂಲಕ ಎಲ್-1ರಲ್ಲಿ ಬಂದವರ ಸ್ಥಿತಿ ಇನ್ನೂ ಬಿಗಿ. ಎಲ್-1 ಆ ಕಂಪನಿಗೇ ಕಟ್ಟಿಕೊಂಡಿರುತ್ತದೆ, ಇನ್ನೊಂದು ಕಂಪನಿಗೆ ಅದನ್ನು ಹಾಗೇ ಒಯ್ಯಲು ಬರುವುದಿಲ್ಲ. ಆದರೆ ಎಲ್-1ರಲ್ಲಿ ಒಂದು ಅನುಕೂಲ ಇದೆ: ಹೆಂಡತಿ ಅಥವಾ ಗಂಡ ಬಂದ ಕೂಡಲೇ ಕೆಲಸ ಮಾಡಬಹುದು. ಎಚ್-1ಬಿಯವರ ಜೊತೆ ಎಚ್-4ರಲ್ಲಿ ಬಂದವರು ಸಾಮಾನ್ಯವಾಗಿ ಸಂಗಾತಿಯ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಪಾಸಾಗುವವರೆಗೆ ಕಾಯಬೇಕು.

ಗ್ರೀನ್ ಕಾರ್ಡ್‌ಗೂ ಇದಕ್ಕೂ ನಂಟಿದೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಕಂಪನಿ ನಿಮ್ಮಂಥ ಕೆಲಸದವರನ್ನು ಅದೇ ಭಾಗದಲ್ಲಿ ಈಗಷ್ಟೇ ತೆಗೆದಿದ್ದರೆ, ಮುಂದಿನ ಆರು ತಿಂಗಳು ಪರ್ಮ್ (ಗ್ರೀನ್ ಕಾರ್ಡ್‌ನ ಮೊದಲ ಹಂತ) ಅರ್ಜಿ ಹಾಕುವ ಮುಂಚೆ ಅವರಿಗೆ ತಿಳಿಸಿ, ಅವರನ್ನು ಪರಿಗಣಿಸಬೇಕು ಅನ್ನುವ ನಿಯಮವಿದೆ. ಈ ತಲೆನೋವು ಬೇಡ ಅಂತ ಕಂಪನಿಗಳು ಪರ್ಮ್ ಅನ್ನೇ ನಿಲ್ಲಿಸಿಬಿಡುತ್ತವೆ. ನಿಮ್ಮ ಕೆಲಸ ಉಳಿದರೂ ಫೈಲು ನಿಲ್ಲುತ್ತದೆ. ಏರಿಳಿತ ಜಾಸ್ತಿ ಇರುವ ಉದ್ಯಮದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಕೆಲಸ ಹುಡುಕುವ ಸೈಟಿನಲ್ಲಿ ನಿಮ್ಮದೇ ಹುದ್ದೆಯ ಹೆಸರು ಹಾಕಿ, ಆಫೀಸಿನಿಂದ 80 ಕಿಲೋಮೀಟರ್ ದೂರದವರೆಗೆ ಅಂತ ಕೊಡಿ. ಬರುವ ಪಟ್ಟಿಯಲ್ಲಿ ಮೊದಲು ನಿಮ್ಮ ಕಂಪನಿಯನ್ನು ತೆಗೆಯಿರಿ. ಆಮೇಲೆ ಕಾರು ಉದ್ಯಮವನ್ನೇ ತೆಗೆಯಿರಿ. ಉಳಿದದ್ದೇ ನಿಮ್ಮ ಎರಡನೇ ಕೆಲಸದ ಬಾವಿ. ಡೇಟಾ, ಕ್ಲೌಡ್, ಟೆಸ್ಟಿಂಗ್, ಫೈನಾನ್ಸ್ ಕೆಲಸದವರಿಗೆ ಪರವಾಗಿಲ್ಲ ಅನ್ನುವಷ್ಟು ಉಳಿಯುತ್ತದೆ. ಡೌನ್‌ಟೌನ್‌ನಲ್ಲಿ ಮನೆ ಸಾಲ ಕೊಡುವ ರಾಕೆಟ್ ಮಾರ್ಟ್‌ಗೇಜ್ ಇದೆ, ಹೆನ್ರಿ ಫೋರ್ಡ್ ಹೆಲ್ತ್‌ನಂಥ ದೊಡ್ಡ ಆಸ್ಪತ್ರೆ ಬಳಗ ಇದೆ, ವಿದ್ಯುತ್ ಕಂಪನಿ ಡಿಟಿಇ ಎನರ್ಜಿ ಇದೆ. 70 ಕಿಲೋಮೀಟರ್ ದೂರದ ಆನ್ ಆರ್ಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯವಿದೆ. ಇಂಜಿನ್ ಕ್ಯಾಲಿಬ್ರೇಶನ್, ಬಾಡಿ ಡಿಸೈನ್, ಕ್ರ್ಯಾಶ್ ಟೆಸ್ಟಿಂಗ್ ಮಾಡುವವರಿಗೆ ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಒಂದು ಮಾತು: ಇಂಥ ಕೆಲಸಕ್ಕೆ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಊರೂ ಇಲ್ಲ. ಕಾರೇ ನಿಮ್ಮ ಕಸುಬಾದರೆ ಡೆಟ್ರಾಯಿಟ್ ಬಿಟ್ಟು ಬೇರೆ ಕಡೆ ಹೋದರೆ ಎರಡನೇ ಕೆಲಸ ಇನ್ನೂ ದೂರ. ಮನೆಯಲ್ಲಿ ಇಬ್ಬರೂ ದುಡಿಯುವವರಾದರೆ ಈ ಲೆಕ್ಕವನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಹಾಕಿ. ಇಬ್ಬರೂ ಒಂದೇ ಕಂಪನಿಯನ್ನು, ಇಲ್ಲವೇ ಒಂದೇ ಉದ್ಯಮವನ್ನು ನಂಬಿಕೊಂಡಿದ್ದರೆ ಅಪಾಯ ಎರಡರಷ್ಟು.

ವೆಂಡರ್ ಮೂಲಕ ಕಾಂಟ್ರಾಕ್ಟ್‌ನಲ್ಲಿ ಬರುವವರು ಇದನ್ನು ಇನ್ನೂ ಗಟ್ಟಿಯಾಗಿ ನೋಡಬೇಕು. ಕಡಿತ ಶುರುವಾದಾಗ ಮೊದಲು ಹೋಗುವುದು ಕಾಂಟ್ರಾಕ್ಟ್‌ನವರು. ಪೇಪರ್‌ನಲ್ಲಿ ಬರುವ ಸಂಖ್ಯೆಯಲ್ಲಿ ಎಷ್ಟೋ ಸಲ ಅವರು ಸೇರಿರುವುದೂ ಇಲ್ಲ.

ನಗರದೊಳಗಾ, ಸಬರ್ಬ್‌ನಲ್ಲಾ?

ಹೋಗುವುದು ಅಂತಾದರೆ ಮುಂದಿನ ಆಯ್ಕೆ ಇದು. ಇಲ್ಲಿ ಬಾಡಿಗೆಯ ಅಂಕಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಮೂರು ಖರ್ಚುಗಳು ಬಾಡಿಗೆಯ ಹಿಂದೆ ಅಡಗಿರುತ್ತವೆ.

ಮೊದಲನೆಯದು ನಗರದ ಆದಾಯ ತೆರಿಗೆ. ಮಿಶಿಗನ್ ರಾಜ್ಯ ಎಲ್ಲರಿಂದಲೂ 4.25% ತೆಗೆದುಕೊಳ್ಳುತ್ತದೆ. ಅದರ ಮೇಲೆ ಡೆಟ್ರಾಯಿಟ್ ತನ್ನ ನಿವಾಸಿಗಳಿಂದ 2.4% ತೆಗೆದುಕೊಳ್ಳುತ್ತದೆ. ಹೊರಗಿದ್ದು ನಗರದೊಳಗೆ ಕೆಲಸ ಮಾಡುವವರಿಗೆ 1.2%. ವರ್ಷಕ್ಕೆ 1 ಲಕ್ಷ ಡಾಲರ್ ಸಂಬಳವಿದ್ದರೆ ನಗರದೊಳಗಿನ ಮನೆಗೆ ಸುಮಾರು 2,400 ಡಾಲರ್. ಟ್ರಾಯ್‌ನಲ್ಲಿದ್ದು ಡೌನ್‌ಟೌನ್ ಆಫೀಸಿಗೆ ಹೋದರೆ ಸುಮಾರು 1,200. ಟ್ರಾಯ್‌ನಲ್ಲಿದ್ದು ಆಬರ್ನ್ ಹಿಲ್ಸ್‌ನಲ್ಲಿ ಕೆಲಸ ಮಾಡಿದರೆ ಏನೂ ಇಲ್ಲ. ಹೊರಗಿರುವವರು ಮನೆಯಿಂದಲೇ ಕೆಲಸ ಮಾಡಿದ ದಿನಗಳಿಗೆ ನಗರದ ತೆರಿಗೆ ಕೊಡಬೇಕಿಲ್ಲ, ಲೆಕ್ಕ ಇಟ್ಟು ವಾಪಸ್ ಕೇಳಬಹುದು.

ಎರಡನೆಯದು ಕಾರಿನ ಇನ್ಶೂರೆನ್ಸ್. ಡೆಟ್ರಾಯಿಟ್‌ನ ಇನ್ಶೂರೆನ್ಸ್ ಅಮೆರಿಕದಲ್ಲೇ ದುಬಾರಿ ಅಂತ ಹೆಸರಾದದ್ದು. ಅಪಘಾತವಾದರೆ ಜೀವನಪೂರ್ತಿ ಮಿತಿಯಿಲ್ಲದ ಚಿಕಿತ್ಸೆ ಕೊಡಬೇಕು ಅಂತ ರಾಜ್ಯದಲ್ಲಿ ಕಾನೂನಿತ್ತು. 2020ರ ಜುಲೈನಿಂದ ಕಡಿಮೆ ಮಟ್ಟ ಆರಿಸಿಕೊಳ್ಳಲು ಬಿಟ್ಟಿದ್ದಾರೆ. ಆದರೂ ವಿಳಾಸ ಬದಲಾದರೆ ಪ್ರೀಮಿಯಂ ಬದಲಾಗುತ್ತದೆ. ಮನೆ ಒಪ್ಪುವ ಮುಂಚೆ ಎರಡೂ ವಿಳಾಸಕ್ಕೆ ಕೋಟ್ ತರಿಸಿ. ಬಾಡಿಗೆಯಲ್ಲಿ ಉಳಿದದ್ದು ಇನ್ಶೂರೆನ್ಸ್‌ನಲ್ಲಿ ಹೋಗುವುದು ಇಲ್ಲಿ ಮಾಮೂಲು. ಕಾರಿಲ್ಲದೆ ನಡೆಯುವುದಿಲ್ಲವಾ ಅಂದರೆ, ಕಷ್ಟ. ಮೆಟ್ರೊ ರೈಲಿಲ್ಲ. ನಗರದ ಬಸ್ಸು ಒಂದು ಸಂಸ್ಥೆಯದು, ಸಬರ್ಬ್ ಬಸ್ಸು ಇನ್ನೊಂದರದು. 2017ರಲ್ಲಿ ಶುರುವಾದ ಕ್ಯೂಲೈನ್ ಟ್ರ್ಯಾಮ್ ಓಡುವುದು ವುಡ್‌ವರ್ಡ್ ರಸ್ತೆಯಲ್ಲಿ ಸುಮಾರು ಐದು ಕಿಲೋಮೀಟರ್ ಅಷ್ಟೇ.

ಮೂರನೆಯದು ಮನೆ ಕೊಳ್ಳುವವರಿಗೆ. ಇದು ದೊಡ್ಡ ಹಳ್ಳ. ಮಿಶಿಗನ್‌ನಲ್ಲಿ ಒಬ್ಬರೇ ಮಾಲೀಕರು ಮನೆ ಇಟ್ಟುಕೊಂಡಿರುವಷ್ಟು ಕಾಲ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಸ್ವಲ್ಪವೇ ಏರುತ್ತದೆ. ಮನೆ ಮಾರಿದ ಮರುವರ್ಷ ಆ ತಡೆ ಹೋಗಿ, ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಒಮ್ಮೆಲೇ ಏರುತ್ತದೆ. ಮೂವತ್ತು ವರ್ಷ ಅದೇ ಮನೆಯಲ್ಲಿದ್ದ ಅಜ್ಜಿ ಕಟ್ಟುತ್ತಿದ್ದ ತೆರಿಗೆಯನ್ನು ಮನೆ ಮಾರುವ ಸೈಟಿನಲ್ಲಿ ನೋಡಿ ನೀವು ಖುಷಿಪಡುತ್ತೀರಿ. ನಿಮ್ಮ ಬಿಲ್ಲು ಅದಲ್ಲ. 3 ಲಕ್ಷ ಡಾಲರ್ ಮನೆ ಅಂದರೆ ತೆರಿಗೆಗೆ ಹಿಡಿಯುವುದು 1.5 ಲಕ್ಷ. ನಗರದ ದರ ಸಾವಿರಕ್ಕೆ 60 ಡಾಲರ್ ಮೀರುತ್ತದೆ. ಹಾಗಾಗಿ ವರ್ಷಕ್ಕೆ 9,000 ಡಾಲರ್‌ಗಿಂತ ಮೇಲೆ. ಹೆಚ್ಚಿನ ಸಬರ್ಬ್‌ಗಳಲ್ಲಿ ದರ ಇದಕ್ಕಿಂತ ಸಾಕಷ್ಟು ಕಡಿಮೆ, ಆದರೆ ಮನೆಯ ಬೆಲೆ ಜಾಸ್ತಿ. ನಗರದ ಕೆಲವು ಬಡಾವಣೆಗಳಲ್ಲಿ ತೆರಿಗೆ ರಿಯಾಯಿತಿ ಇದೆ, ಬೀದಿ ಬೀದಿಗೂ ವ್ಯತ್ಯಾಸ ಇರುವುದರಿಂದ ವಿಚಾರಿಸಿಯೇ ನೋಡಿ.

"ಸಾವಿರ ಡಾಲರ್‌ಗೆ ಮನೆ" ಅನ್ನುವ ಸುದ್ದಿಯನ್ನೂ ಕೇಳಿರುತ್ತೀರಿ. ಪಾಳು ಮನೆಗಳನ್ನು ಮಾರುವ ಸರ್ಕಾರಿ ಸಂಸ್ಥೆ ಡೆಟ್ರಾಯಿಟ್ ಲ್ಯಾಂಡ್ ಬ್ಯಾಂಕ್‌ನ ಹರಾಜು ಸಾವಿರ ಡಾಲರ್‌ನಿಂದ ಶುರುವಾಗುವುದು ನಿಜ. ಇಂತಿಷ್ಟು ತಿಂಗಳೊಳಗೆ ದುರಸ್ತಿ ಮಾಡಿ ವಾಸಯೋಗ್ಯ ಮಾಡಬೇಕು ಅನ್ನುವ ಷರತ್ತೂ ನಿಜ. ತಾಮ್ರದ ಪೈಪು, ವೈರು, ಬಾಯ್ಲರ್ ಎಲ್ಲ ಕಳುವಾದ ಮನೆ ಅದು. ಕೆಲಸಕ್ಕೆ ಅಂತ ಬಂದವರು, ಅದೂ ವೀಸಾದ ಮೇಲೆ, ಇದರ ಹತ್ತಿರ ಹೋಗಬೇಡಿ.

ಮನೆ ನೋಡಲು ಹೋದಾಗ ಮೊದಲು ಬೇಸ್‌ಮೆಂಟ್‌ಗೆ ಇಳಿಯಿರಿ. ಟಾರ್ಚ್ ಹಿಡಿದು ಗೋಡೆಯ ಬುಡ ನೋಡಿ. ನೆಲದಿಂದ ಗೇಣುದ್ದ ಮೇಲೆ ಕಂದು ಗೆರೆ ಇದೆಯಾ, ಫರ್ನೇಸ್‌ನ ಕಾಲು ತುಕ್ಕು ಹಿಡಿದಿದೆಯಾ, ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದಾರಾ? 2021ರ ಜೂನ್ ಕೊನೆಯ ಮಳೆಗೆ ಡೆಟ್ರಾಯಿಟ್‌ನಲ್ಲೂ ಡಿಯರ್‌ಬಾರ್ನ್‌ನಲ್ಲೂ ಸಾವಿರಾರು ಮನೆಗಳ ಬೇಸ್‌ಮೆಂಟ್‌ಗೆ ಚರಂಡಿ ನೀರು ನುಗ್ಗಿತ್ತು. ಚರಂಡಿ ಪೈಪಿನೊಳಗೆ ಕ್ಯಾಮೆರಾ ಬಿಡಿಸಿ ನೋಡಿದ ಮೇಲೆಯೇ ಸಹಿ ಮಾಡಿ. ಬೀದಿಯನ್ನು ಸಂಜೆ ಒಮ್ಮೆ ನಡೆದು ನೋಡಿ. ಇಲ್ಲಿ ಒಂದು ಬೀದಿ ಚೆನ್ನಾಗಿದ್ದು ಹಿಂದಿನ ಬೀದಿ ಅರ್ಧ ಖಾಲಿ ಇರುತ್ತದೆ. ಅಪರಾಧದ ನಕ್ಷೆ ನೋಡುವಾಗಲೂ ಇಡೀ ಊರಿನ ಅಂಕಿಗಿಂತ ಆ ಬೀದಿಯದ್ದು ಮುಖ್ಯ. ಮನೆ ಮುಂದೆ ಕೂತಿರುವ ಹಿರಿಯರಿಗೆ ನಮಸ್ಕಾರ ಹೇಳಿ, ಎರಡು ಮಾತಾಡಿ. ಯಾವ ಮನೆಯಲ್ಲಿ ಯಾರಿದ್ದಾರೆ, ಹಿಮ ಬಿದ್ದಾಗ ರಸ್ತೆ ಯಾವಾಗ ತೆಗೆಯುತ್ತಾರೆ ಅಂತ ಯಾವ ಏಜೆಂಟ್‌ಗಿಂತ ಚೆನ್ನಾಗಿ ಅವರು ಹೇಳುತ್ತಾರೆ.

ಮಕ್ಕಳ ಶಾಲೆ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ನಗರದಲ್ಲಿ ಕ್ಯಾಸ್ ಟೆಕ್, ರಿನೆಸಾನ್ಸ್‌ನಂಥ ಒಳ್ಳೆಯ ಹೈಸ್ಕೂಲುಗಳಿವೆ, ಅವಕ್ಕೆ ಪ್ರವೇಶ ಪರೀಕ್ಷೆ ಇದೆ. ಅಲ್ಲಿವರೆಗಿನ ದಾರಿ ಕಷ್ಟ. ಶಾಲಾ ಆಡಳಿತವೇ ಸಾಲದಲ್ಲಿ ಮುಳುಗಿ 2016ರಲ್ಲಿ ಹೊಸ ಡಿಸ್ಟ್ರಿಕ್ಟ್ ಮಾಡಬೇಕಾಯಿತು. ಸಣ್ಣ ಮಕ್ಕಳಿದ್ದು, ಎಷ್ಟು ವರ್ಷ ಇರುತ್ತೀರಿ ಅಂತ ಗೊತ್ತಿಲ್ಲದಿದ್ದರೆ ಟ್ರಾಯ್, ನೋವೈ, ನಾರ್ತ್‌ವಿಲ್ ಕಡೆ ಬಾಡಿಗೆಗೆ ಇರಿ.

ಯಾರಿಗೆ ಯಾವುದು

ಒಬ್ಬರೇ ಇದ್ದೀರಿ, ಆಫೀಸು ಡೌನ್‌ಟೌನ್ ಅಥವಾ ಮಿಡ್‌ಟೌನ್, ಊರಿನ ಜೊತೆ ಬೆರೆಯುವ ಮನಸ್ಸಿದೆ: ನಗರದೊಳಗೆ ಬಾಡಿಗೆಗೆ ಇರಿ. ಈಸ್ಟರ್ನ್ ಮಾರ್ಕೆಟ್‌ನ ಶನಿವಾರದ ಸಂತೆ, ಆರ್ಟ್ ಮ್ಯೂಸಿಯಂ, ನದಿ ದಂಡೆ ಎಲ್ಲ ಹತ್ತಿರ. ಪಕ್ಕದ ಹ್ಯಾಮ್‌ಟ್ರಾಮಿಕ್‌ಗೆ ಹೋದರೆ ಬಾಂಗ್ಲಾದವರ ಅಂಗಡಿಗಳಲ್ಲಿ ಮಸಾಲೆ, ತರಕಾರಿ ಸಿಗುತ್ತದೆ. ನಿಮ್ಮ 2.4% ಆ ಊರಿಗೇ ಹೋಗುತ್ತದೆ ಅನ್ನುವುದು ನನಗೆ ನಷ್ಟ ಅಂತ ಅನ್ನಿಸುವುದಿಲ್ಲ.

ಸಂಸಾರ ಇದೆ, ಕಾರು ಉದ್ಯಮವೇ ಕಸುಬು, ಫುಲ್‌ಟೈಮ್ ಆಫರ್: ಬನ್ನಿ, ಸಬರ್ಬ್‌ನಲ್ಲಿರಿ. ಮನೆ ಕೊಳ್ಳುವುದನ್ನು ಐ-140 ಪಾಸಾಗುವವರೆಗೆ ಮುಂದೂಡಿ. ಎಲ್ಲ ಕಂಪನಿಗಳೂ ಒಟ್ಟಿಗೆ ಕಡಿತ ಮಾಡುವಾಗ ಮನೆ ಮಾರುವವರೂ ಒಟ್ಟಿಗೇ ಬರುತ್ತಾರೆ, ಆಗ ಒಳ್ಳೆ ಬೆಲೆ ಸಿಗುವುದಿಲ್ಲ.

ಕಾಂಟ್ರಾಕ್ಟ್ ಆಫರ್, ಮನೆಯಲ್ಲಿ ಒಬ್ಬರದೇ ದುಡಿಮೆ, ಊರಿನಲ್ಲಿ ಹೋಮ್ ಲೋನ್ ನಡೆಯುತ್ತಿದೆ: ಬೆಂಗಳೂರಿನಲ್ಲೇ ಇರಿ ಅಂತ ನಾನು ಹೇಳುತ್ತೇನೆ. ಇದೇ ಕೆಲಸಕ್ಕೆ ಅಲ್ಲಿ ಎರಡನೇ, ಮೂರನೇ ಕಂಪನಿ ಅದೇ ರಿಂಗ್ ರೋಡಿನಲ್ಲಿದೆ. ಎಲ್-1ರಲ್ಲಿ ಕಳಿಸುತ್ತಾರೆ ಅಂದರೆ, ಡೆಟ್ರಾಯಿಟ್‌ನಲ್ಲಿ ಪ್ರಾಜೆಕ್ಟ್ ನಿಂತರೆ ಬೆಂಗಳೂರಿನ ಹುದ್ದೆಗೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ.

ಅಮೆರಿಕದಲ್ಲೇ ಬೇರೆ ಊರಿನಿಂದ ಬರುವವರು ಫೆಬ್ರುವರಿಯಲ್ಲಿ ಬಂದು ನೋಡಿ, ಜೂನ್‌ನಲ್ಲಲ್ಲ. ಜೂನ್‌ನಲ್ಲಿ ಈ ಊರು ಯಾರಿಗಾದರೂ ಇಷ್ಟವಾಗುತ್ತದೆ. ಫೆಬ್ರುವರಿಯಲ್ಲಿ ಗುಂಡಿ ಬಿದ್ದ ರಸ್ತೆ, ಉಪ್ಪು ತಿಂದ ಕಾರು, ವಾರಗಟ್ಟಲೆ ಬೂದು ಆಕಾಶ ಎಲ್ಲ ಕಾಣುತ್ತದೆ. ಅದನ್ನು ನೋಡಿಯೂ ಸರಿ ಅನ್ನಿಸಿದರೆ ಸರಿ.

ಸಹಿ ಮಾಡುವ ಮುಂಚೆ ಎಚ್‌ಆರ್‌ಗೆ ಕೇಳಬೇಕಾದದ್ದು ನಾಲ್ಕು. ನನ್ನ ಕೆಲಸದ ಜಾಗ ಯಾವ ಊರಿನ ಗಡಿಯೊಳಗೆ ಬರುತ್ತದೆ? ಪರ್ಮ್ ಯಾವ ತಿಂಗಳು ಶುರು ಮಾಡುತ್ತೀರಿ, ಆಫರ್ ಲೆಟರ್‌ನಲ್ಲಿ ಬರೆದು ಕೊಡುತ್ತೀರಾ? ಕಳೆದ ಒಂದು ವರ್ಷದಲ್ಲಿ ಈ ವಿಭಾಗದಲ್ಲಿ ಎಷ್ಟು ಜನರನ್ನು ತೆಗೆದಿದ್ದೀರಿ? ನೀವೇ ನನ್ನನ್ನು ತೆಗೆದರೆ ಸಾಗಾಟದ ಖರ್ಚು, ಜಾಯ್ನಿಂಗ್ ಬೋನಸ್ ವಾಪಸ್ ಕೇಳುತ್ತೀರಾ? ಕೊನೆಯ ಪ್ರಶ್ನೆಗೆ "ಸಾಮಾನ್ಯವಾಗಿ ಕೇಳುವುದಿಲ್ಲ" ಅಂದರೆ ಸಾಲದು. ಕಂಪನಿ ತೆಗೆದರೆ ವಾಪಸ್ ಕೊಡಬೇಕಿಲ್ಲ ಅಂತ ಒಂದು ಸಾಲು ಸೇರಿಸಲು ಹೇಳಿ. ಕೇಳಿದರೆ ಸೇರಿಸುತ್ತಾರೆ, ಕೇಳುವವರು ಕಡಿಮೆ.